ಹಿಪ್ಪುನೇರಳೆ ಕಡ್ಡಿಯ ಮೂರನೆಯ ಗೀರು

ಈ ಸಲ ಯುಗಾದಿಗೆ ಬರುವಾಗ ದಾರಿಯಲ್ಲಿ ನಿಮ್ಮ ಅಪ್ಪ ಅಮ್ಮನಿಗೆ ಮಾತಿಗೆ ಮಾತು ಬೆಳೆಯಿತೆಂದು ನೀವೇ ಬಂದು ಹೇಳಿದಿರಿ. ಕಾರಿನಲ್ಲಿ ಹಳದಿ ದೀಪ ಹತ್ತಿತ್ತಂತೆ. ಪೆಟ್ರೋಲ್ ಹಾಕಿಸಿ ಎಂದು ಅಮ್ಮ, ಇದರಲ್ಲೇ ಊರು ಮುಟ್ಟಿ ನಾಳೆ ಮಾಗಡಿಗೂ ಹೋಗಿಬರಬಹುದು ಎಂದು ಅಪ್ಪ. ಯಾರು ಸರಿ ಅಜ್ಜಿ ಎಂದು ನೀವು ಕೇಳಿದಾಗ ನಾನು ಒಬ್ಬಟ್ಟಿನ ಹೂರಣ ಮಗುಚುವ ನೆಪದಲ್ಲಿ ಸುಮ್ಮನಾದೆ. ನಾಲ್ಕು ಜನರ ಎದುರು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ. ಊರ ಶಾಲೆಯಲ್ಲಿ ಕಲಿತ ಅಕ್ಷರ ಇದಕ್ಕಾದರೂ ಬರಲಿ ಎಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಈ ಜಗಳ ಹೊಸದಲ್ಲ. ನಿಮ್ಮ ತಾತನಿಗೂ ನನ್ನ ತಮ್ಮನಿಗೂ ಇದೇ ವಿಷಯಕ್ಕೆ ವರ್ಷಗಟ್ಟಲೆ ನಡೆದಿತ್ತು.

ತಾತನ ಟೆಂಪೊವನ್ನು ನೀವು ನೋಡಿಲ್ಲ. ಗುಡೇಮಾರನಹಳ್ಳಿ ಕಡೆಯ ನಮ್ಮ ಊರಿನಿಂದ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆ ಗೂಡು ಸಾಗಿಸುವುದು ಅದರ ಮುಖ್ಯ ಕೆಲಸ. ಕೊಂಡಾಗಲೇ ಅದು ಹಳೆಯ ಗಾಡಿ. ಡೀಸೆಲ್ ಎಷ್ಟಿದೆ ಎಂದು ತೋರಿಸುವ ಮುಳ್ಳು ಸತ್ತೇ ಹೋಗಿತ್ತು. ಅದನ್ನು ರಿಪೇರಿ ಮಾಡಿಸುವ ಬದಲು ತಾತ ತೋಟದಿಂದ ಒಂದು ನೆಟ್ಟಗಿನ ಹಿಪ್ಪುನೇರಳೆ ಕಡ್ಡಿ ತಂದು, ಸಿಪ್ಪೆ ಸುಲಿದು, ಒಣಗಿಸಿ, ಅದರ ಮೇಲೆ ಚಾಕುವಿನಿಂದ ಎರಡು ಗೀರು ಹಾಕಿದರು. ದಿನವೂ ಬೆಳಿಗ್ಗೆ ಟ್ಯಾಂಕಿನ ಮುಚ್ಚಳ ತೆಗೆದು ಕಡ್ಡಿ ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡುವರು. ಮೇಲಿನ ಗೀರಿನವರೆಗೆ ಇದ್ದರೆ ರಾಮನಗರಕ್ಕೆ ಹೋಗಿಬರಲು ಸಾಕು. ಕೆಳಗಿನ ಗೀರು ಮಾಗಡಿ ಆಸ್ಪತ್ರೆಯದು. ಬೇರೆ ಯಾವ ಓಟಕ್ಕೂ ಅದರ ಕೆಳಗೆ ಎಣ್ಣೆ ಇಳಿಯಲು ಅವರು ಯಾವತ್ತೂ ಬಿಟ್ಟವರಲ್ಲ. ಡೀಸೆಲ್ಲಿಗೆ ನಾವು ಎಣ್ಣೆ ಎಂದೇ ಹೇಳುತ್ತಿದ್ದೆವು.

“ತಳದ ಎಣ್ಣೆ ನಮ್ದಲ್ಲ, ಊರಿಂದು” ಎನ್ನುತ್ತಿದ್ದರು. ಹಾವು ಕಚ್ಚಿದವರು, ಬೇನೆ ಬಂದ ಹೆಂಗಸರು, ಮರದಿಂದ ಬಿದ್ದವರು, ಎಲ್ಲರೂ ಆ ತಳದ ಎಣ್ಣೆಯಲ್ಲೇ ಮಾಗಡಿಗೆ ಹೋದದ್ದು. ಟೆಂಪೊ ಮನೆಯ ಮುಂದೆ ನಿಂತಿದ್ದರೆ ಊರಿಗೆ ಒಂದು ಧೈರ್ಯ.

ಮಾಗಡಿಯ ಸ್ಟ್ಯಾಂಡಿನ ಡ್ರೈವರುಗಳಿಗೆ ಆ ಕಡ್ಡಿಯೆಂದರೆ ನಗು. “ಏನಣ್ಣ, ಟ್ಯಾಂಕಿಗೆ ಜ್ವರ ಬಂದೈತಾ? ಕಡ್ಡಿ ಇಟ್ಟು ನೋಡ್ತಾ ಇದ್ದೀಯ!” ಎನ್ನುವರು.

“ಹೂಂ ಕಣ್ಲಾ. ನಿನ್ ಗಾಡಿನೂ ಒಸಿ ತೋರ್ಸ್ಕೋ, ಉಸ್ರೇ ಇಲ್ದಂಗೈತೆ” ಎಂದು ತಾತ ಮುಚ್ಚಳ ತಿರುಗಿಸುವರು.

ನನ್ನ ತಮ್ಮನದು ಇದಕ್ಕೆ ಪೂರಾ ತಿರುವುಮುರುವು. ಬಿಡದಿ ಕಡೆ ಹೊಲಗಳಿಗೆ ತಂತಿಬೇಲಿ ಬಿದ್ದು ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ ಅದು. ಅವನು ಊರೂರಿನ ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಗಾರ್ಮೆಂಟ್ಸಿಗೆ ಬಿಡುವ ವ್ಯಾನು ಓಡಿಸುತ್ತಿದ್ದ. ವ್ಯಾನಿನ ಮಾಲೀಕ ಆ ದಿನದ ಓಟಕ್ಕೆ ಬೇಕಾದಷ್ಟೇ ಎಣ್ಣೆ ಹಾಕಿಸುವವನು. ಅದರಲ್ಲೇ ಓಡಿಸಿ ಓಡಿಸಿ ಅವನ ಕಾಲಿಗೆ ಒಂದು ಹದ ಬಂದುಬಿಟ್ಟಿತ್ತು. ಯಾವ ದಿಣ್ಣೆಗೆ ಎಲ್ಲಿಂದ ವೇಗ ಹಿಡಿಯಬೇಕು, ಯಾವ ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಿದರೆ ಗಾಡಿ ಎಲ್ಲಿಯವರೆಗೆ ತಾನಾಗಿ ಉರುಳುತ್ತದೆ, ಎಲ್ಲ ಅವನಿಗೆ ಗೊತ್ತು. ಹಲಸಿನಹಣ್ಣು ತಟ್ಟಿ ನೋಡುವ ಹಾಗೆ ಟ್ಯಾಂಕನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ, ಇನ್ನು ಇಷ್ಟು ದೂರ ಹೋಗುತ್ತದೆ ಎನ್ನುವನು. ಅಷ್ಟೇ ದೂರ ಹೋಗುತ್ತಿತ್ತು.

ಇವನು ಮನೆಗೆ ಬಂದನೆಂದರೆ ಶುರು.

“ಟ್ಯಾಂಕ್ ತುಂಬ್ಸಿ ಮಡಗಿದ್ರೆ ಕಳ್ಳರ ಕೈಗೆ ಪೈಪ್ ಕೊಟ್ಟಂಗೆ ಬಾವ. ಮುಳ್ಳು ಮಲಿಕ್ಕಂಡ ಮೇಲೇನೆ ಗಾಡಿ ಓಡೋದು!”

“ಮುಳ್ಳು ಮಲಿಕ್ಕತದೆ, ಆಮ್ಯಾಕೆ ಗಾಡಿ ಮಲಿಕ್ಕತದೆ, ಆಮ್ಯಾಕೆ ಸ್ಪ್ಯಾನರ್ ಹಿಡ್ಕಂಡು ನೀನು ಅದರಡಿ ಮಲಿಕ್ಕತೀಯ.”

ತಾತ ಹೇಳುತ್ತಿದ್ದುದು ಸುಳ್ಳಲ್ಲ. ಡೀಸೆಲ್ ಗಾಡಿ ಪೂರಾ ಖಾಲಿಯಾದರೆ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ಆಮೇಲೆ ಎಣ್ಣೆ ಹಾಕಿದರೂ ಆ ಗಾಳಿ ತೆಗೆಯುವ ತನಕ ಸ್ಟಾರ್ಟ್ ಆಗುವುದಿಲ್ಲ. ಒಂದು ಸಲ ಇಳಿಜಾರಿನಲ್ಲೇ ಇಂಜಿನ್ ನಿಂತು, ವ್ಯಾನು ಸದ್ದಿಲ್ಲದೆ ಉರುಳಿಕೊಂಡು ಹೋಗಿ ಸರಿಯಾಗಿ ಬಂಕಿನ ಪಂಪಿನ ಮುಂದೆ ನಿಂತಿತಂತೆ. ಒಳಗಿದ್ದ ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರಂತೆ. ತಮ್ಮ ಅದನ್ನು ಕೈಯಾಡಿಸಿ ಹೇಳುತ್ತಿದ್ದರೆ ತಾತ, “ಗಾಳಿ ತೆಗಿಯಕ್ಕೆ ಎಷ್ಟೊತ್ತು ಆಯ್ತು?” ಎಂದು ಕೇಳಿದರು. “ಅದ ಕೇಳ್ಬಾರದು ಬಾವ” ಎಂದ ತಮ್ಮ. ಆದರೂ ಗೇಟು ಹಾಕುವ ಮುಂಚೆ ಅವರೆಲ್ಲರನ್ನೂ ಫ್ಯಾಕ್ಟರಿ ಮುಟ್ಟಿಸಿದ್ದ.

ಇನ್ನು ನನ್ನ ವಾರಗಿತ್ತಿಯ ಮಾತು. ತಾತನ ಅಣ್ಣನ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದೆ. ಭಾವನವರು ಹೊಸ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಆಗಿ ಸೇರಿ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದರು. ಆ ವರ್ಷ ಅಕ್ಕ ಮೊದಲ ಸಲ ತಾನೊಬ್ಬಳೇ ಹುಳು ಸಾಕಿದಳು. ಅದೂ ನಮ್ಮ ಕಡೆ ರೂಢಿಯಿದ್ದ ಹಳದಿ ಗೂಡಿನ ಹುಳುವಲ್ಲ, ಬಿಳಿ ಗೂಡಿನದು. ಅದಕ್ಕೆ ನಾಜೂಕು ಹೆಚ್ಚು. ಸೆಖೆ ಆಗದು, ಒದ್ದೆ ಸೊಪ್ಪು ಆಗದು. ಹೆಂಗಸು ಒಬ್ಬಳೇ ಇದನ್ನು ದಡ ಹತ್ತಿಸುತ್ತಾಳೆಯೇ ಎಂದು ಊರಿನಲ್ಲಿ ಆಡಿಕೊಂಡವರಿದ್ದರು. ಆದರೆ ಹುಳು ಚಂದ್ರಿಕೆಯ ತಟ್ಟಿಗೆ ಏರಿ ಗೂಡು ಕಟ್ಟಿದ ಮೇಲೆ ನೋಡಬೇಕಿತ್ತು. ಬಿದಿರಿನ ಚಂದ್ರಿಕೆಯ ಸುತ್ತಿಗೊಂದು ಸುತ್ತು ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗಿತ್ತು. ಆಡಿಕೊಂಡವರೇ ಬಂದು ಬಗ್ಗಿ ನೋಡಿ ಹೋದರು.

ಅಷ್ಟರಲ್ಲಿ ಟ್ಯಾಂಕರ್ ಲಾರಿಯವರ ಮುಷ್ಕರ ಬಂತು. ಮಾಗಡಿಯ ಬಂಕುಗಳಲ್ಲಿ ‘ಸ್ಟಾಕ್ ಇಲ್ಲ’ ಎಂದು ಬೋರ್ಡು ನೇತುಹಾಕಿ ಹಗ್ಗ ಕಟ್ಟಿಬಿಟ್ಟರು. ಬಸ್ಸುಗಳು ಒಂದೊಂದಾಗಿ ಕಡಿಮೆಯಾದವು. ಬಂದ ಬಸ್ಸಿನಲ್ಲಿ ಜನಕ್ಕೇ ಜಾಗವಿಲ್ಲ, ಗೂಡಿನ ಮೂಟೆ ಎಲ್ಲಿ ಹಾಕುವುದು? ತಾತನ ಟ್ಯಾಂಕಿನಲ್ಲಿ ಎಣ್ಣೆ ಇತ್ತು. ಊರಿನವರ ಗೂಡುಗಳನ್ನು ಸರದಿಯ ಮೇಲೆ ರಾಮನಗರಕ್ಕೆ ಮುಟ್ಟಿಸಿದರು. ನಮ್ಮ ಮನೆಯದು ಕೊನೆಗೆ ಎಂದರು. ಅಕ್ಕನ ಗೂಡು ಬಿಡಿಸುವ ಹೊತ್ತಿಗೆ ಎಣ್ಣೆ ಆಸ್ಪತ್ರೆಯ ಗೀರಿಗಿಂತ ಎರಡು ಬೆರಳು ಮೇಲಕ್ಕಿತ್ತು, ಅಷ್ಟೇ.

ಮುಷ್ಕರ ಯಾವಾಗ ಮುಗಿಯುತ್ತದೋ ಯಾರಿಗೂ ಗೊತ್ತಿಲ್ಲ. ಗೂಡು ಕಾಯುವ ಪದಾರ್ಥವಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದು ಹೊರಗೆ ಬಂದರೆ ನೂಲು ತುಂಡುತುಂಡು, ಯಾರೂ ಮೂಸಿ ನೋಡುವುದಿಲ್ಲ. ಅಕ್ಕ ಗೂಡನ್ನು ತೆಳ್ಳಗೆ ಹರಡಿ, ನೆರಳಿನಲ್ಲಿ ಕೂತು, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದಳು. ತಾತ ಟ್ಯಾಂಕಿನ ಹತ್ತಿರ ಹೋಗುವುದು, ಕಡ್ಡಿ ಇಳಿಸುವುದು, ನೋಡುವುದು, ವಾಪಸ್ಸು ಬರುವುದು. ತಮ್ಮನ ವ್ಯಾನು ಆಗಲೇ ಒಣಗಿ ನಿಂತು, ಅವನು ನಮ್ಮ ಮನೆಯ ಜಗಲಿಯಲ್ಲಿ ಕೂತಿದ್ದ. ಅವತ್ತು ಅವನು ಕೂಡ ಗೇಲಿ ಮಾಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ತಾತ ಅಂದರು, “ನಾನ್ ಓಡ್ಸಿದ್ರೆ ಹೋಗ್ ಬರೋದ್ರಲ್ಲಿ ಟ್ಯಾಂಕ್ ಒಣಗೋಯ್ತದೆ.”

ತಮ್ಮ ಮುದ್ದೆ ಮುರಿಯುತ್ತಾ, “ಹೋಗೋದು ಇಳುಕ್ಲು, ಲೋಡು. ಬರೋದು ಏರು, ಖಾಲಿ. ಒಣಗಲ್ಲ” ಎಂದ. ಆದರೆ ನಾನು ಓಡಿಸುತ್ತೇನೆ ಎನ್ನಲಿಲ್ಲ. ತಾತ ಸ್ಟೇರಿಂಗನ್ನು ಯಾರ ಕೈಗೂ ಕೊಟ್ಟವರಲ್ಲವೆಂದು ಅವನಿಗೆ ಗೊತ್ತು. ತಾತನಿಗೂ ನೀನು ಓಡಿಸು ಎನ್ನಲು ಬಾಯಿ ಬರಲಿಲ್ಲ. ನಾನು ಸಾರು ಬಿಡುತ್ತಾ, ಯಾರ ಮುಖವನ್ನೂ ನೋಡದೆ, “ಗಾಡಿ ನಿಮ್ದಿರ್ಲಿ, ಕಾಲು ಅವ್ನದಿರ್ಲಿ” ಅಂದೆ.

ತಾತ ಊಟ ಮುಗಿಸಿ, ಕೈ ತೊಳೆದು, ಸೀದಾ ಎದುರುಮನೆಗೆ ಹೋದರು. ಆ ಮನೆಯ ಹೆಂಗಸಿನ ಮಗಳು ತುಂಬಿದ ಬಸುರಿ, ಬಾಣಂತನಕ್ಕೆ ಬಂದಿದ್ದಳು. ಊರಿನ ಎಣ್ಣೆಯನ್ನು ಕೇಳದೆ ಮುಟ್ಟಬಾರದೆಂಬುದು ತಾತ ತಮಗೆ ತಾವೇ ಮಾಡಿಕೊಂಡಿದ್ದ ಕಟ್ಟುಪಾಡು.

“ಮಗ್ಳಿಗೆ ಇನ್ನೂ ಎಷ್ಟು ದಿನ ಐತಕ್ಕ?”

“ಅದೇನು ಬಸ್ಸೇನಪ್ಪ, ಟೈಮ್ ಹೇಳಕ್ಕೆ? ಆ ನಿಮ್ಮತ್ತಿಗೆ ಮೋರೆ ನೋಡಕ್ಕಾಗ್ತಿಲ್ಲ. ಹೋಗ್ಬುಟ್ಟು ಬಾ. ನಮಗೂ ಒಸಿ ಉಳ್ಸ್ಕಂಡು ಬಾ.”

ಮಾರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಹೊರಟೆವು. ಮಾರ್ಕೆಟ್ಟು ನೋಡದ ಅಕ್ಕ ಜೊತೆಗೆ ಬಾ ಎಂದು ನನ್ನ ಕೈ ಹಿಡಿದಳು. ನಾವಿಬ್ಬರೂ ಹಿಂದೆ ಗೂಡಿನ ಚೀಲಗಳ ನಡುವೆ ಕೂತೆವು. ಕ್ಯಾಬಿನ್ನಿಗೆ ಹಿಂದೆ ಒಂದು ಗಾಜಿಲ್ಲದ ಕಿಂಡಿ. ಮುಂದಿನವರ ಮಾತೆಲ್ಲ ಕೇಳುತ್ತಿತ್ತು. ಅವತ್ತು ನನ್ನ ತಮ್ಮ ಓಡಿಸಿದ್ದನ್ನು ನಾನು ಮರೆಯಲಾರೆ. ಮಾಗಡಿಯಲ್ಲಿ ಸಂತೆಯ ಜನ ಏಳುವ ಮುಂಚೆಯೇ ಪೇಟೆ ದಾಟಿಸಿದ. ದಿಣ್ಣೆ ಬರುವ ಮೊದಲೇ ಇಂಜಿನ್ನಿನ ಸದ್ದು ಮೆಲ್ಲಗೆ ಏರುವುದು, ನೆತ್ತಿ ಮುಟ್ಟುವಾಗ ಇಳಿಯುವುದು, ಆಮೇಲೆ ಬರೀ ಗಾಳಿಯ ಸದ್ದು. ನೀರು ತುಂಬಿದ ಕೊಡ ಸೊಂಟದ ಮೇಲಿಟ್ಟು ನಡೆಯುವ ಹೆಂಗಸಿನ ಹಾಗೆ, ಒಂದು ಕುಲುಕು ಇಲ್ಲ.

“ಬ್ರೇಕ್ ಮೇಲೆ ಕಾಲಿಡ್ಲಾ!” ತಾತನ ದನಿ.

“ಬ್ರೇಕ್ ತುಳುದ್ರೆ ಎಣ್ಣೆ ರೋಡಿಗೆ ಸುರ್ದಂಗೆ ಬಾವ.”

“ಎದುರುಗಡೆ ಎಮ್ಮೆ ಐತೆ ಕಣ್ಲಾ!”

“ನಾವ್ ಹೋಗೋ ಹೊತ್ಗೆ ಅದು ದಾಟಿರ್ತದೆ. ನೀನ್ ಕಣ್ ಮುಚ್ಕೊ.”

ಎಮ್ಮೆ ದಾಟಿತ್ತು. ಸ್ವಲ್ಪ ದೂರ ಹೋದ ಮೇಲೆ ತಾತ, “ಇಲ್ಲಿ ಮೂರನೇ ಗೇರಿಗೆ ಹಾಕ್ಬೇಕಿತ್ತು” ಎಂದರು. “ಹಾಕಂಗಿಲ್ಲ” ಎಂದ ತಮ್ಮ. ಗಾಡಿ ದಿಣ್ಣೆ ಹತ್ತಿತು. ರಾಮನಗರದ ಬಂಡೆಗಳು ಕಾಣುವ ಹೊತ್ತಿಗೆ ಕಿಂಡಿಯಲ್ಲಿ ನೋಡಿದೆ. ತಾತನ ಕಣ್ಣು ರಸ್ತೆಯ ಮೇಲಿರಲಿಲ್ಲ, ಬಾಮೈದನ ಬಲಗಾಲಿನ ಮೇಲಿತ್ತು.

ಮಾರ್ಕೆಟ್ಟಿನಲ್ಲಿ ಅಕ್ಕನ ಗೂಡು ಸುರಿದಾಗ ಅಕ್ಕಪಕ್ಕದವರು ಹತ್ತಿರ ಬಂದರು. ನೂಲು ಬಿಚ್ಚುವ ರೀಲರುಗಳು ಬೊಗಸೆಯಲ್ಲಿ ಎತ್ತಿ, ಅಲ್ಲಾಡಿಸಿ, ಮೂಗಿನ ಹತ್ತಿರ ಹಿಡಿದು ನೋಡಿದರು. ಒಬ್ಬರು ತಾತನ ಕಡೆ ತಿರುಗಿ, “ಚೆನ್ನಾಗಿ ಸಾಕಿದ್ದೀರ ಯಜಮಾನ್ರೆ” ಎಂದರು. ತಾತ ಪಕ್ಕಕ್ಕೆ ಸರಿದು, “ನಾನಲ್ಲ, ನಮ್ಮತ್ತಿಗೆ” ಎಂದು ಅಕ್ಕನನ್ನು ಮುಂದೆ ಬಿಟ್ಟರು. ಒಳ್ಳೆಯ ಬೆಲೆಯೇ ಸಿಕ್ಕಿತು. ಅಕ್ಕ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಗುತ್ತಿದ್ದಳು, ಅಳುತ್ತಲೂ ಇದ್ದಳು.

ನನಗೆ ಮಾತ್ರ ಎದುರುಮನೆಯ ಹುಡುಗಿಯದೇ ಯೋಚನೆ. ವಾಪಸ್ಸು ಬರುವಾಗ ಏರು. ತಮ್ಮ ಇಂಜಿನ್ನಿನ ಸದ್ದಿಗೇ ಕಿವಿ ಕೊಟ್ಟು ಓಡಿಸಿದ. ಊರು ಮುಟ್ಟಿ ಟೆಂಪೊ ನಿಂತ ಕೂಡಲೇ ತಾತ ಇಳಿದು ಕಡ್ಡಿ ಇಳಿಸಿದರು. ಒದ್ದೆ, ಆಸ್ಪತ್ರೆಯ ಗೀರು ಮುಟ್ಟಿರಲಿಲ್ಲ. ಅದರಿಂದ ಒಂದು ಹೆಬ್ಬೆರಳಷ್ಟು ಕೆಳಗಿತ್ತು.

ತಮ್ಮ ಟ್ಯಾಂಕನ್ನು ತಟ್ಟಿ, ಕಿವಿಯಿಟ್ಟು ಕೇಳಿ, “ಮಾಗಡಿ ಮುಟ್ತದೆ ಬಾವ” ಎಂದ.

“ಯಾರು ಓಡ್ಸಿದ್ರೆ?”

“ನಾನ್ ಓಡ್ಸಿದ್ರೆ.”

“ಅಂಗಾದ್ರೆ ಬಂಕ್ ತೆಗಿಯೋಗಂಟ ಈ ಜಗ್ಲಿ ಬುಟ್ಟು ಎದ್ದೀಯಾ, ನೋಡು!”

ಒಂದು ಕಡೆ ಒಂದು ಗಳಿಗೆ ಕೂರದ ನನ್ನ ತಮ್ಮ ಅವತ್ತಿನಿಂದ ನಮ್ಮ ಜಗಲಿಯ ಮೇಲೆ ಠಾಣೆ ಹೂಡಿದ. ಗೆಳೆಯರು ಕರೆದರೂ ಏಳಲಿಲ್ಲ. ಎದುರುಮನೆಯಾಕೆ ಬಾಗಿಲಿಗೆ ಬಂದಾಗಲೆಲ್ಲ ಅವನು ಎದ್ದು ನಿಲ್ಲುವನು. “ಕೂತ್ಕೊಳ್ಳಪ್ಪ, ಕಸ ಗುಡಿಸಕ್ಕೆ ಬಂದಿವ್ನಿ” ಎಂದು ಆಕೆ ನಗುವಳು. ತಾತ ದಿನಕ್ಕೆ ನಾಲ್ಕು ಸಲ ಕಡ್ಡಿ ಇಳಿಸುವರು, ನಿಂತ ಗಾಡಿ ಎಣ್ಣೆ ಕುಡಿಯುತ್ತದೆಯೋ ಎನ್ನುವ ಹಾಗೆ. “ಕಡ್ಡಿಗೆ ಮೆತ್ಕಂಡೇ ಅರ್ಧ ಖಾಲಿ ಆಯ್ತದೆ, ಬುಡು ಬಾವ” ಎಂದು ತಮ್ಮ ಕೂಗುವನು.

ಕೊನೆಗೆ ಮುಷ್ಕರ ಮುರಿಯಿತು. ಅದೇ ಉಳಿದ ಎಣ್ಣೆಯಲ್ಲಿ ತಮ್ಮ ತಾತನನ್ನು ಕೂರಿಸಿಕೊಂಡು ಮಾಗಡಿಯ ಬಂಕಿಗೆ ಹೋದ. ಮುಟ್ಟಿತು. ಟ್ಯಾಂಕು ಬಾಯಿತನಕ ತುಂಬಿಸಿ, ವ್ಯಾನಿಗೂ ಒಂದು ಕ್ಯಾನಿನಲ್ಲಿ ತಂದು, ತಾತನೇ ಅದರ ಕೆಳಗೆ ಮಲಗಿ ಗಾಳಿ ತೆಗೆದುಕೊಟ್ಟರು. ಎದುರುಮನೆಯ ಹುಡುಗಿಗೆ ಬೇನೆ ಬಂದದ್ದು ಅದರ ಮಾರನೆಯ ಬೆಳಿಗ್ಗೆ. ತುಂಬಿದ ಟ್ಯಾಂಕಿನಲ್ಲಿ ತಾತ ನಿಧಾನವಾಗಿ ಓಡಿಸಿಕೊಂಡು ಹೋದರು. ಗಂಡುಮಗು.

“ಎಣ್ಣೆ ತುಂಬ್ಸೋಗಂಟ ಕಾದು ಬಂದೈತೆ ನೋಡು, ಥೇಟ್ ನಿನ್ ಬುದ್ಧಿನೇ” ಎಂದು ಎದುರುಮನೆಯಾಕೆ ತಾತನಿಗೆ ಹೇಳಿದರೆ, “ನಾನ್ ಸುಮ್ನೆ ಜಗ್ಲಿ ಕಾದೆ” ಎಂದು ತಮ್ಮ ಗೊಣಗಿದ.

ಆ ಸಂಜೆ ತಾತ ಜಗಲಿಯಲ್ಲಿ ಕೂತು ಚಾಕು ತೆಗೆದುಕೊಂಡರು. ಆಸ್ಪತ್ರೆಯ ಗೀರಿನ ಕೆಳಗೆ, ಒಂದು ಹೆಬ್ಬೆರಳಿನಷ್ಟು ಜಾಗ ಬಿಟ್ಟು, ಇನ್ನೊಂದು ಗೀರು ಹಾಕಿದರು. “ಇದು ನನ್ನ ಗೀರಲ್ಲ, ಅವ್ನದು” ಎಂದು ಅವರೇ ಹೇಳಿ ಕಡ್ಡಿಯನ್ನು ಒರೆಸಿ ಸೀಟಿನ ಹಿಂದೆ ಇಟ್ಟರು. ತಮ್ಮ ಆಮೇಲೂ ಖಾಲಿ ಟ್ಯಾಂಕಿನಲ್ಲೇ ಓಡಿಸಿದ. ತಾತ ಆಮೇಲೂ ಎಣ್ಣೆಯನ್ನು ಆಸ್ಪತ್ರೆಯ ಗೀರಿಗಿಂತ ಕೆಳಗೆ ಇಳಿಯಗೊಡಲಿಲ್ಲ. ಆದರೆ ಸ್ಟ್ಯಾಂಡಿನಲ್ಲಿ ಯಾರಾದರೂ ಬಾಮೈದನ ಓಟದ ಬಗ್ಗೆ ಹಗುರವಾಗಿ ಆಡಿದರೆ, ಕಡ್ಡಿ ತೆಗೆದು ಆ ಕೆಳಗಿನ ಗೀರನ್ನು ತೋರಿಸುತ್ತಿದ್ದರಂತೆ.

ಆ ಕಡ್ಡಿ ಈಗ ಅಡುಗೆಮನೆಯ ಮಾಡದಲ್ಲಿದೆ, ಇನ್ನೂ ಡೀಸೆಲ್ ವಾಸನೆ. ಮುಂದಿನ ಸಲ ಬಂದಾಗ ಕೇಳಿ, ತೆಗೆದುಕೊಡುತ್ತೇನೆ. ನಿಮ್ಮ ಅಪ್ಪನಿಗೆ ಅವರ ಸೋದರಮಾವನ ಕಾಲಿನ ಹದ ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅದು ಗೊತ್ತಾಗುವವರೆಗೂ ನಿಮ್ಮ ಅಮ್ಮನ ಮಾತು ಕೇಳಿ, ದಾರಿಯಲ್ಲಿ ಬಂಕ್ ಕಂಡ ಕಡೆ ನಿಲ್ಲಿಸಲು ಹೇಳಿ.