ಜೋಡಿ ಮಾಸ್ತರ

ಸ್ಕೂಬಾ ಡೈವಿಂಗ್ ಕಲಿಸುವ ಈ ಮನುಷ್ಯನಿಗೆ ಊರೆಲ್ಲ ಜೋಡಿ ಮಾಸ್ತರ ಅನ್ನುತ್ತದೆ. ಜೊತೆಗಾರನಿಲ್ಲದೆ ಯಾರನ್ನೂ ನೀರಿಗಿಳಿಸುವುದಿಲ್ಲ. ಒಬ್ಬರ ಗಾಳಿ ಸಿಲಿಂಡರು, ಪಟ್ಟಿಗಳನ್ನು ಇನ್ನೊಬ್ಬರು ಎಳೆದು ನೋಡಲೇಬೇಕು. ಈ ಚಾಳಿ ಎಷ್ಟು ಅಂಟಿದೆಯೆಂದರೆ, ಹೆಂಡತಿ ಅಂಗಡಿಗೆ ಹೊರಟರೂ ಕೈಚೀಲದ ಹಿಡಿ ಎಳೆದು ನೋಡಿ, ಹೆಬ್ಬೆರಳಿಗೆ ತೋರುಬೆರಳು ಸುತ್ತಿ, ಡೈವರ್‌ಗಳ ಹಾಗೆ 'ಸರಿ' ಎಂದು ಸನ್ನೆ ಮಾಡುತ್ತಾನೆ. "ಹೋಗ್ತಿರೋದು ಈರುಳ್ಳಿಗೆ ರೀ, ಪಾತಾಳಕ್ಕಲ್ಲ!" ಎಂದು ಆಕೆ ಗದರಿದರೂ, ಅವಳೂ ತಿರುಗಿ ಅದೇ ಸನ್ನೆ ಮಾಡುವವರೆಗೆ ಇವನು ಬಾಗಿಲು ಬಿಡುವುದಿಲ್ಲ. ಇವತ್ತು ದೋಣಿಯಲ್ಲಿ ಪಳಗಿದ ಡೈವರ್ ಒಬ್ಬ, "ಒಬ್ಬನೇ ಹೋಗ್ತೀನಿ ಬಿಡಿ ಮಾಸ್ತರೇ, ನನಗೇನು ಹೊಸದಾ?" ಅಂದ. ಮಾಸ್ತರ ನಗುತ್ತಲೇ ತನ್ನ ಹೊಟ್ಟೆಯನ್ನು ರಬ್ಬರ್ ಅಂಗಿಯೊಳಗೆ ತುರುಕಿಕೊಂಡ. "ನನ್ನ ಗೆಳೆಯನೂ ಪಳಗಿದವನೇ. ನನಗೆ ನೆಗಡಿಯಾಗಿ ನೀರಿಗಿಳಿಯೋಕಾಗದ ದಿನ ಒಬ್ಬನೇ ಇಳಿದ, ಮೇಲೆ ಬರಲಿಲ್ಲ. ಕೊನೆಗೆ ಏನೇನು ಚಂದ ನೋಡಿದನೋ, ಹೇಳೋಕೆ ಯಾರೂ ಇಲ್ಲ ಕಣಪ್ಪ. ಬಾ, ನನ್ನ ಪಟ್ಟಿ ಎಳೆದು ನೋಡು."