ಓಡದ ಕಾರಿನೊಳಗೆ ಇಟ್ಟದ್ದು

ನಮ್ಮ ಮನೆಯ ಹಿಂದಿನ ಜಗಲಿಯಲ್ಲಿ ಒಂದು ಫ್ರಿಜ್ ಇದೆ. ಅದು ತಣ್ಣಗೆ ಮಾಡುವ ಉದ್ಯೋಗ ಬಿಟ್ಟು ಎಂಟು ವರ್ಷವಾಯಿತು. ಈಗ ಅದರೊಳಗೆ ಕಾಳುಮೆಣಸು, ಸೌತೆಬೀಜ, ಹಳೆಯ ಪಂಚಾಂಗಗಳು ಮತ್ತು ಯಾವ ಬೀಗಕ್ಕೆ ಸೇರಿದ್ದೆಂದು ಯಾರಿಗೂ ನೆನಪಿಲ್ಲದ ಒಂದು ಹಿಡಿ ಬೀಗದ ಕೈಗಳಿವೆ. ಪಕ್ಕದಲ್ಲಿರುವ ಬಟ್ಟೆ ಒಗೆಯುವ ಯಂತ್ರದಲ್ಲಿ ದನಕ್ಕೆ ಹಾಕುವ ಹಿಂಡಿ. ಮಕ್ಕಳು ಮಲಗಿದ್ದ ತೊಟ್ಟಿಲಲ್ಲಿ ಮಡಚಿದ ಗೋಣಿಚೀಲಗಳು. ನಗಬೇಡಿ, ನಿಮ್ಮ ಮನೆಯಲ್ಲೂ ಹುಡುಕಿದರೆ ಇಂಥದ್ದೊಂದು ಸಿಕ್ಕೀತು. ಕೆಟ್ಟದ್ದನ್ನು ಎಸೆಯಲು ನಮ್ಮ ಕಡೆಯವರಿಗೆ ಮನಸ್ಸು ಬಾರದು, ರಿಪೇರಿ ಮಾಡಿಸಲು ಪುರುಸೊತ್ತು ಸಿಗದು. ಆದ್ದರಿಂದ ನಿಂತುಹೋದ ಯಾವ ವಸ್ತುವಾದರೂ, ಅದಕ್ಕೊಂದು ಬಾಗಿಲೋ ಮುಚ್ಚಳವೋ ಇದ್ದರೆ, ಕಪಾಟಾಗಿ ಬಡ್ತಿ ಪಡೆಯುತ್ತದೆ. ಮಳೆಗಾಲದಲ್ಲಂತೂ ಒಣಗಿದ ನಾಲ್ಕು ಅಂಗುಲ ಜಾಗಕ್ಕಾಗಿ ಹಪ್ಪಳದ ಡಬ್ಬಿಯಿಂದ ಹಿಡಿದು ಜಾತಕದ ಕಟ್ಟಿನವರೆಗೆ ಎಲ್ಲವೂ ಪೈಪೋಟಿಗೆ ಬೀಳುತ್ತವೆ. ಈ ಅಭ್ಯಾಸವನ್ನು ನಾನು ಬಹಳ ಕಾಲ ತಮಾಷೆಯಾಗಿಯೇ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಅದರಲ್ಲಿ ತಮಾಷೆ ಕಾಣುವುದಿಲ್ಲ.

ನಮ್ಮಲ್ಲಿ ಒಂದು ಕಾರೂ ಇತ್ತು. ಕೆದಂಬಾಡಿಯ ಈ ಮನೆಗೆ ಬಂದ ಮೊದಲ ಕಾರು ಅದು, ಜಪಾನಿನದ್ದು. ಕಾಸರಗೋಡಿನ ಕಡೆಯ ಒಬ್ಬರು ಕೊಲ್ಲಿಯಿಂದ ಹಡಗಿನಲ್ಲಿ ತರಿಸಿ ನಾಲ್ಕು ವರ್ಷ ಓಡಿಸಿದ್ದನ್ನು ಅಪ್ಪ ಆಸೆಪಟ್ಟು ಕೊಂಡಿದ್ದರು. ಸ್ಟೇರಿಂಗ್ ಎಡಗಡೆಗೆ. ಹಾಗಾಗಿ ಬಲಗಡೆ ಕೂತ ನನಗೆ ಹತ್ತನೆಯ ವಯಸ್ಸಿಗೇ ಒಂದು ಹುದ್ದೆ ದೊರಕಿತ್ತು: ಸುಳ್ಯದ ದಾರಿಯಲ್ಲಿ ಲಾರಿಯನ್ನು ಹಿಂದಿಕ್ಕಬೇಕಾದಾಗ ಕತ್ತು ಹೊರಗೆ ಹಾಕಿ, ಎದುರಿನಿಂದ ಬಸ್ಸು ಬರುತ್ತಿದೆಯೋ ಇಲ್ಲವೋ ಎಂದು ಅಪ್ಪನಿಗೆ ಕೂಗಿ ಹೇಳುವುದು. ಬಿಡಿಭಾಗ ಸಿಗದೆ ಅದು ಒಂದು ದಿನ ನಿಂತಿತು. ನಿಂತ ಮೇಲೆ ಕೇಳಬೇಕೇ? ತೆಂಗಿನ ಗೆರಟೆ ತುಂಬಿತು, ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತು, ಅಪ್ಪ ತೀರಿಕೊಂಡರು, ನೆಲದ ತಗಡು ತುಕ್ಕು ತಿಂದು ತಿಂದು ಕೆಳಗಿನ ಮಣ್ಣು ಕಾಣತೊಡಗಿತು. ಗುಜರಿಯವನು ಎರಡು ಸಲ ಬಂದು ನೋಡಿ ಹೋದ.

ಮೂರನೆಯ ಸಲ ಅವನನ್ನು ಗೇಟಿನಲ್ಲೇ ತಡೆದು ವಾಪಸು ಕಳಿಸಿದವರು ಅದ್ರಾಮಾಕ. ಅಬ್ದುಲ್ ರಹಿಮಾನ್ ಎಂಬ ಪೂರ್ತಿ ಹೆಸರು ಅವರ ರೇಷನ್ ಕಾರ್ಡಿನಲ್ಲಿ ಮಾತ್ರ ಇದೆ. ಊರವರಿಗೆಲ್ಲ ಮರ್ಯಾದೆಯಿಂದಲೂ ಸಲಿಗೆಯಿಂದಲೂ ಅವರು ಅದ್ರಾಮಾಕ. ಕುಂಬ್ರದಲ್ಲಿ ಅವರದೊಂದು ಟಿಂಕರಿಂಗ್ ಶೆಡ್ಡು. ಗುದ್ದಿಸಿಕೊಂಡು ಬಂದ ಗಾಡಿಯ ಮೈಯನ್ನು ಬಡಿದು, ಬೆಸೆದು, ಮೊದಲಿನಂತೆ ಮಾಡುವುದರಲ್ಲಿ ಪುತ್ತೂರಿನಿಂದ ಕಡಬದವರೆಗೆ ಅವರಿಗೆ ಸಮಾನರಿರಲಿಲ್ಲ. ಆದರೆ ಎರಡು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತು. ಸುಳ್ಯದ ಡಾಕ್ಟರು ಪರೀಕ್ಷಿಸಿ, ಇದು ನಿಧಾನವಾಗಿ ಹೆಚ್ಚುವ ಕಾಯಿಲೆ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು, ವಾಸಿಯಾಗುವುದಿಲ್ಲ ಎಂದಿದ್ದರಂತೆ. ಗಿರಾಕಿಗಳಿಗೆ ಅದು ಹೇಗೋ ಗೊತ್ತಾಗಿ ಶೆಡ್ಡು ಖಾಲಿ ಬಿದ್ದಿತ್ತು.

"ಭಟ್ರೆ, ಇದನ್ನು ಗುಜರಿಗೆ ಕೊಡ್ಬೇಡಿ," ಎಂದರು ಅಂದು, ಕಾರಿನ ಬಾನೆಟ್ಟಿನ ಮೇಲಿನ ಕೋಳಿ ಹಿಕ್ಕೆಯನ್ನು ಎಲೆಯಿಂದ ಒರೆಸುತ್ತ. "ಈ ಕೈ ಪೂರ್ತಿ ಹೋಗುವ ಮೊದ್ಲು ನನಗೊಂದು ಗಾಡಿ ಮಾಡ್ಬೇಕು. ಬುಡದಿಂದ ಮಾಡಿನವರೆಗೆ ನಾನೇ ಮಾಡಿದ್ದು ಅಂತ ಒಂದು. ಮತ್ತೆ ಕೈ ಹೋದ್ರೆ ಹೋಗ್ಲಿ, ಅದನ್ನು ನೋಡಿಕೊಂಡು ಕೂತ್ಕೊಳ್ತೇನೆ."

"ಕೈ ನಡುಗುದಿಲ್ವಾ ಅದ್ರಾಮಾಕ, ಬೆಂಕಿಯ ಕೆಲಸ ಅಲ್ವಾ?" ಎಂದು ಕೇಳಿಯೇಬಿಟ್ಟೆ. ನನ್ನ ಬಾಯಿಗೆ ಹಿಂದಿನಿಂದಲೂ ಬೀಗವಿಲ್ಲ.

ಅವರು ಬೇಸರ ಮಾಡಲಿಲ್ಲ. "ಸುಮ್ಮನೆ ಕೂತ್ರೆ ನಡುಗುದು ಮಾರಾಯ್ರೆ. ಕೆಲಸ ಉಂಟು ಅಂತ ಕೈಗೆ ಗೊತ್ತಾದ್ರೆ ಅದು ತನ್ನಷ್ಟಕ್ಕೆ ನಿಲ್ತದೆ. ಬೇಕಾದ್ರೆ ಬಂದು ನೋಡಿ."

ಕಾರನ್ನು ಅವರ ಶೆಡ್ಡಿಗೆ ಸಾಗಿಸಿಕೊಟ್ಟು ಹೋಗಿ ನೋಡಿದೆ, ನಿಜವಾಗಿತ್ತು. ಮಡಿಲಲ್ಲಿ ಇಟ್ಟಾಗ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲ್ಲಾಡುತ್ತಿದ್ದ ಆ ಕೈ, ಗ್ಯಾಸಿನ ಟಾರ್ಚು ಹಿಡಿದು ಮೊಣಕೈಯನ್ನು ಮೊಣಕಾಲಿಗೆ ಆನಿಸಿಕೊಂಡದ್ದೇ ತಡ, ಶಾಂತವಾಗುತ್ತಿತ್ತು. ಒಂದು ಗೇಣು ಬೆಸೆಯುವಷ್ಟರಲ್ಲಿ ಹಣೆಯ ಬೆವರು ಗಲ್ಲಕ್ಕೆ ಇಳಿಯುತ್ತಿತ್ತು. ದೀಪಾವಳಿ ಕಳೆದು ಶುರುಮಾಡಿ ಮಳೆಗಾಲ ಹತ್ತಿರವಾಗುವವರೆಗೆ ಆ ಮನುಷ್ಯ ಹೀಗೆ ಗೇಣು ಗೇಣಾಗಿ ನನ್ನ ಕಾರಿಗೆ ಹೊಸ ನೆಲ ಹಾಕಿದರು. ಎಡಗಡೆಯ ಸ್ಟೇರಿಂಗನ್ನು ಬಲಕ್ಕೆ ತಂದು ಕೂರಿಸಲು ಎಂಜಿನ್ನಿಗೂ ಸೀಟಿಗೂ ನಡುವಿನ ತಗಡನ್ನೇ ಕತ್ತರಿಸಿ ತಿರುಗುಮುರುಗು ಮಾಡಿದರು. ಗುಜರಿಯಿಂದ ಯಾವುದೋ ಸಣ್ಣ ಕಾರಿನ ಪವರ್ ಸ್ಟೇರಿಂಗ್ ಹುಡುಕಿ ತಂದರು. ಹಳೆಯ ಕಾರಿಗೆ ಅದೆಲ್ಲ ಯಾಕೆ ಎಂದು ನಾನು ಕೇಳಿದಾಗ, ಸ್ವಲ್ಪ ನಾಚಿಕೊಂಡು, "ಒಂದು ಸರ್ತಿ ನಾನೂ ಓಡಿಸಿ ನೋಡ್ಬೇಕಲ್ಲ, ಗಟ್ಟಿ ಸ್ಟೇರಿಂಗ್ ಆದ್ರೆ ಈ ಕೈಗೆ ತಿರುಗ್ಲಿಕ್ಕಿಲ್ಲ," ಎಂದರು. ಬೆಸುಗೆ ಮುಗಿದ ದಿನ ಆ ನೆಲದ ಮೇಲೆ ನೀರು ಸುರಿದು ತೋರಿಸಿದರು. ಒಂದು ತೊಟ್ಟು ಕೆಳಗೆ ಬೀಳಲಿಲ್ಲ. ತುಕ್ಕು ಹಿಡಿಯದಂತೆ ಒಂದು ಕೈ ರೆಡ್ ಆಕ್ಸೈಡ್ ಬಳಿದು, ಉಳಿದ ಪೇಂಟು ಮಳೆ ಬಿಟ್ಟ ಮೇಲೆ ಎಂದರು.

ಮೊದಲ ಗಾಳಿಮಳೆಗೆ ಕುಂಬ್ರದ ಶೆಡ್ಡಿನ ಮಾಡಿನ ನಾಲ್ಕು ಶೀಟು ಹಾರಿಹೋದವು. ಮಳೆಗಾಲ ಮುಗಿಯುವವರೆಗೆ ಕಾರು ನಮ್ಮಲ್ಲೇ ಇರಲಿ ಎಂದು ಪಿಕಪ್ಪಿನಲ್ಲಿ ಹಾಕಿಸಿ ತಂದವನು ನಾನೇ. ಅದ್ರಾಮಾಕ ಒಪ್ಪಿದರು, ಪಿಕಪ್ಪಿನ ಹಗ್ಗವನ್ನು ಎರಡೆರಡು ಸಲ ಎಳೆದು ನೋಡಿ, "ಜಾಗ್ರತೆ ಭಟ್ರೆ," ಎಂದಷ್ಟೇ ಹೇಳಿದರು. ನಮ್ಮ ಶೆಡ್ಡಿನಲ್ಲಿ ಅದನ್ನು ಇಟ್ಟಿಗೆಯ ಮೇಲೆ ಕೂರಿಸಿ, ಮುಂದಿನ ಗಾಜಿಲ್ಲದ ಜಾಗಕ್ಕೆ ಟಾರ್ಪಾಲು ಕಟ್ಟಿದೆ.

ಈಗ ಹೇಳಬೇಕಾದ್ದನ್ನು ಹೇಳಿಬಿಡುತ್ತೇನೆ. ಅಡಿಕೆಗೆ ಕೊಳೆರೋಗ ಬಾರದಂತೆ ನಾವು ಬಿಡುವ ಮದ್ದಿಗೆ ಮೈಲುತುತ್ತು ಬೇಕು, ಸುಣ್ಣ ಬೇಕು. ತುತ್ತು ಕಬ್ಬಿಣವನ್ನು ತಿನ್ನುತ್ತದೆ. ಇದು ತೋಟ ಇರುವ ಮನೆಯಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ತುತ್ತು ಕರಗಿಸಲು ಕಬ್ಬಿಣದ ಬಾಲ್ದಿ ಮುಟ್ಟಿದರೆ ಬೆನ್ನಿಗೆ ಏಟು ಬೀಳುವ ಮನೆಗಳು ನಮ್ಮವು. ಮದ್ದಿನ ಹದ ನೋಡುವುದೂ ಹಾಗೆಯೇ: ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಅದಕ್ಕೆ ತಾಮ್ರದ ಬಣ್ಣ ಹತ್ತಿದರೆ ಸುಣ್ಣ ಸಾಲದು ಎಂದರ್ಥ. ನಾನೇ ಎಷ್ಟು ಜನಕ್ಕೆ ಇದನ್ನು ಕಲಿಸಿಕೊಟ್ಟಿದ್ದೇನೆ! ಅಂಥ ಮಹಾಪಂಡಿತ, ಮೊದಲ ಮದ್ದು ಮುಗಿದು ಉಳಿದ ಒಂದೂವರೆ ಚೀಲ ತುತ್ತನ್ನು ಮಳೆಯ ಥಂಡಿಯಿಂದ ಕಾಪಾಡಲು ಒಣ ಜಾಗ ಹುಡುಕಿ, ಸೀದಾ ಹೋಗಿ, ಆ ಕಾರಿನ ನೆಲದ ಮೇಲೆ ಇಟ್ಟೆ.

ಇಲಿ ಚೀಲ ಕಡಿಯಿತು. ಶೆಡ್ಡಿನ ಮಾಡು ಸೋರಿ ಟಾರ್ಪಾಲಿನ ಒಂದು ಮೂಲೆಯಿಂದ ನೀರು ತೊಟ್ಟಿಕ್ಕಿತು. ಮಳೆ ಬಿಡದ ಆಟಿ ತಿಂಗಳು ಪೂರ್ತಿ ತುತ್ತು ಒಳಗೇ ಕರಗುತ್ತ, ಹರಿಯುತ್ತ, ಬೆಸುಗೆಯ ಗೆರೆಗಳನ್ನು ಹುಡುಕಿಕೊಂಡು ಹೋಗಿ ಕೂತಿತು. ಎರಡನೆಯ ಮದ್ದಿಗೆಂದು ಚೀಲ ಎಳೆದಾಗ ಅದರ ಜೊತೆಗೇ ನೆಲದ ಒಂದು ತುಂಡು ಎದ್ದು ಬಂತು. ಸುತ್ತ ನೋಡಿದರೆ ಉಳಿದ ತಗಡೆಲ್ಲ ದೇವರ ಮನೆಯ ತಾಮ್ರದ ತಟ್ಟೆಯಂತೆ ಕೆಂಪಗೆ ಹೊಳೆಯುತ್ತಿತ್ತು, ಬೆರಳು ಒತ್ತಿದಲ್ಲೆಲ್ಲ ತೂತು ಬಿತ್ತು.

ಹಿಂದಿನಿಂದ ಬಂದ ಹೆಂಡತಿ ನೋಡಿ, "ಅಯ್ಯೋ ದೇವರೇ, ತುತ್ತು ಇದ್ರಲ್ಲಿ ಇಟ್ಟದ್ದಾ? ನಿಮಗೆ ತಲೆ ಸಮ ಉಂಟಾ?" ಎಂದಳು.

ತಲೆ ಸಮ ಇಲ್ಲವೇ ಎಂದು ನಾನೂ ಆಮೇಲೆ ಬಹಳ ಯೋಚಿಸಿದೆ. ಮರೆವು ಎನ್ನೋಣವೆಂದರೆ, ಅದೇ ವಾರ ಮದ್ದಿನ ಡ್ರಮ್ಮಿನ ಪಕ್ಕ ನಿಂತು ಕತ್ತಿ ಅದ್ದಿ ನೋಡಿದವನು ನಾನು. ಗೊತ್ತಿಲ್ಲ ಎನ್ನುವ ಹಾಗಿಲ್ಲ, ಮರೆತೆ ಎನ್ನುವ ಹಾಗೂ ಇಲ್ಲ. ನಿಜ ಸಂಗತಿ ಇನ್ನೂ ಕೆಟ್ಟದ್ದು, ಮಿತ್ರರೇ. ಚೀಲ ಹೊತ್ತು ಹೋದಾಗ ನನ್ನ ಕಣ್ಣಿಗೆ ಅಲ್ಲಿ ಕಾರು ಕಾಣಲೇ ಇಲ್ಲ, ಬಾಗಿಲಿರುವ ಒಂದು ಕಪಾಟು ಕಂಡಿತು. ಏಳು ತಿಂಗಳು ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಅದನ್ನು ಕಾರು ಮಾಡುತ್ತಿದ್ದಾಗ, ಪಕ್ಕದಲ್ಲಿ ಚಾ ಕುಡಿಯುತ್ತ ಭಲೇ ಎನ್ನುತ್ತಿದ್ದ ನಾನು ಅದು ಓಡುತ್ತದೆಂದು ಒಂದು ದಿನವಾದರೂ ನಂಬಿರಲಿಲ್ಲ. ಅವರ ಆಸೆಗೆ ತಲೆಯಾಡಿಸುತ್ತಿದ್ದೆ, ಅಷ್ಟೇ. ನಂಬಿದ್ದರೆ ಅದು ನನಗೆ ಕಬ್ಬಿಣವಾಗಿ ಕಾಣುತ್ತಿತ್ತು, ಕೈ ತಾನಾಗಿ ಹಿಂದೆ ಸರಿಯುತ್ತಿತ್ತು.

ಆಮೇಲೆ ಮಾಡಿದ್ದು ಇದಕ್ಕಿಂತಲೂ ಹೇಸಿಗೆ. ಚೀಲವನ್ನು ಅಡಗಿಸಿದೆ. ಇಡೀ ನೆಲವನ್ನು ತೊಳೆದೆ. ತಂತಿಯ ಬ್ರಷ್ಷು ಹಿಡಿದು ಎರಡು ದಿನ ತಿಕ್ಕಿ ತಾಮ್ರದ ಕೆಂಪು ಒಂದಿಷ್ಟೂ ಉಳಿಯದಂತೆ ಮಾಡಿದೆ. ತುತ್ತು ಇನ್ನೂ ತಿನ್ನದಿರಲಿ ಎಂದು ತೊಳೆಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕಳ್ಳತನಕ್ಕೆ ಎಷ್ಟು ಚಂದದ ಕಾರಣಗಳು ಸಿಗುತ್ತವೆ! ಒಂದು ವಾರದ ಥಂಡಿಗೆ ಅಲ್ಲಿ ಸಾಮಾನ್ಯ ತುಕ್ಕು ಕೂತಿತು.

ಚೌತಿ ಕಳೆದು ಅದ್ರಾಮಾಕ ಆಟೋದಲ್ಲಿ ಬಂದಿಳಿದರು. ಪೇಂಟಿನ ಡಬ್ಬಿಯನ್ನೂ ತಂದಿದ್ದರು. ಟಾರ್ಪಾಲು ಸರಿಸಿ ಒಳಗೆ ನೋಡಿದರು. ಆಮೇಲೆ ಬಗ್ಗಿ ಬೆಸುಗೆಯ ಗೆರೆಯುದ್ದಕ್ಕೂ ಬೆರಳು ಆಡಿಸಿದರು. ತೂತುಗಳಲ್ಲಿ ಹೆಚ್ಚಿನವು ಅಲ್ಲಿಯೇ ಸಾಲುಗಟ್ಟಿದ್ದವು.

"ಬೆಸುಗೆ ಹಿಡೀಲಿಲ್ಲ," ಎಂದರು.

ನಾನು ಬಾಯಿ ತೆರೆದೆ.

"ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು ಉಳಿದಿರ್ಬೇಕು. ಅದ್ರಿಂದಲೇ ನೀರು ಕುಡ್ದು ಹೀಗಾದ್ದು. ಕೈ ನಿಂತಿತ್ತು ಅಂತ ನಾನು ಗ್ರಹಿಸಿದ್ದು ಭಟ್ರೆ. ನಿಂತಿರ್ಲಿಲ್ಲ."

ತೆರೆದ ಬಾಯಿಯನ್ನು ನಾನು ಮುಚ್ಚಿದೆ. ಒಂದು ಮಾತು ಸಾಕಿತ್ತು. ಆ ಕ್ಷಣದಲ್ಲಿ ನನಗೆ ತೋರಿದ್ದು ಇಷ್ಟೇ: ಬಯ್ಗುಳ ತಪ್ಪಿತು. ಅವರು ಕೈಯನ್ನು ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡರು, ಅಲ್ಲಿಯೂ ಅದು ಅಂಗಿಯೊಳಗೆ ಅಲ್ಲಾಡುವುದು ಕಾಣುತ್ತಿತ್ತು. ನನ್ನ ಹೆಂಡತಿ ತಂದ ಚಾವನ್ನು ಅರ್ಧ ಕುಡಿದು, "ನಿಮ್ಮ ಗಾಡಿ ಹಾಳು ಮಾಡಿದೆ, ಬೇಸರ ಮಾಡ್ಬೇಡಿ," ಎಂದು ಅವರೇ ನನ್ನಲ್ಲಿ ಕ್ಷಮೆ ಕೇಳಿ ಹೋದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅಡಿಕೆಯವನಾದ ನಾನು ಆ ಗಾದೆಯನ್ನು ಎಷ್ಟು ಸಭೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೋ.

ಹೆಂಡತಿ ಮೂರು ದಿನ ಕಾದಳು. ನಾಲ್ಕನೆಯ ದಿನ, "ಹೋಗಿ ಹೇಳಿ ಬನ್ನಿ, ಇಲ್ಲದಿದ್ರೆ ನಾನೇ ಹೋಗ್ತೇನೆ," ಎಂದಳು. ಹೋಗುತ್ತೇನೆ, ಹೋಗುತ್ತೇನೆ ಎನ್ನುತ್ತಲೇ ನಾನು ಇನ್ನೂ ಹದಿನೈದು ದಿನ ತಳ್ಳಿದೆ.

ಕೊನೆಗೆ ಕುಂಬ್ರಕ್ಕೆ ಹೋದಾಗ ಶೆಡ್ಡು ಗುಡಿಸಿ ಖಾಲಿಯಾಗಿತ್ತು. ಸಿಲಿಂಡರು, ಟಾರ್ಚು, ಸುತ್ತಿಗೆಗಳು, ಎಲ್ಲವನ್ನೂ ಕಡಬದ ಒಬ್ಬ ಟಿಂಕರಿಗೆ ಕೊಟ್ಟುಬಿಟ್ಟಿದ್ದರು. ಅದ್ರಾಮಾಕ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಲಗೈ ಮಡಿಲಲ್ಲಿತ್ತು, ಅದರ ಮೇಲೆ ಎಡಗೈ ಇಟ್ಟು ಒತ್ತಿ ಹಿಡಿದಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ: ಚೀಲ, ಇಲಿ, ತಾಮ್ರದ ಬಣ್ಣ, ಎರಡು ದಿನ ತಿಕ್ಕಿದ್ದು, ಬಾಯಿ ಮುಚ್ಚಿದ್ದು. ನಿಮ್ಮ ಬೆಸುಗೆ ಸರಿಯಾಗಿಯೇ ಇತ್ತು, ನೀರು ಸುರಿದು ತೋರಿಸಿದ್ದಿರಲ್ಲ, ಕೆಡಿಸಿದವನು ನಾನು ಎಂದೆ. ಹೇಳುತ್ತ ಹೇಳುತ್ತ ನನಗೆ ಅಳು ಬಂತು. ಬಯ್ಯಲಿ, ಎದ್ದು ಎರಡು ಬಾರಿಸಲಿ ಎಂದು ಕಾದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನಕ್ಕರು. ಬಹಳ ಪ್ರೀತಿಯಿಂದ ನಕ್ಕರು.

"ನಿಮ್ಮದು ಒಳ್ಳೆ ಮನಸ್ಸು ಭಟ್ರೆ," ಎಂದರು. "ಈ ಮುದುಕನಿಗೆ ಬೇಸರ ಆಗ್ಬಾರ್ದು ಅಂತ ಅಲ್ಲಿಂದ ಇಲ್ಲಿವರೆಗೆ ಬಂದ್ರಲ್ಲ. ಆದ್ರೆ ಹೇಳುದಾದ್ರೆ ನಂಬುವ ಹಾಗೆ ಎಂತಾದ್ರೂ ಹೇಳ್ಬೇಕು ಮಾರಾಯ್ರೆ. ಅಡಿಕೆ ತೋಟ ಇರುವ ಯಾರಾದ್ರೂ ತುತ್ತನ್ನು ಕಬ್ಬಿಣದ ಮೇಲೆ ಇಡ್ತಾನಾ?"