ಡೆನ್ಸಿಟೋಮೀಟರೂ ದೊಡ್ಡಮ್ಮನ ಗೋಡೆಯೂ

ಮನೆಯ ಡಾರ್ಕ್‌ರೂಮಿಗೆ ಡೆನ್ಸಿಟೋಮೀಟರ್ ಬೇಕೇ ಎಂದು ಫಿಲ್ಮ್ ಕ್ಯಾಮೆರಾ ಹುಚ್ಚಿನ ಗೆಳೆಯರು ಈಗಲೂ ಫೋನಿನಲ್ಲಿ ತಲೆ ತಿನ್ನುತ್ತಾರೆ. ನಾನು ಫೋಟೊ ತೊಳೆಯುವ ಡಾರ್ಕ್‌ರೂಮೂ ಆಗಿರುವ ಚಿತ್ರದುರ್ಗದ ನಮ್ಮ ಬಚ್ಚಲಲ್ಲಿ ಅದೊಂದಿದೆ. ನೆಗೆಟಿವ್ ಎಷ್ಟು ದಟ್ಟ, ಪ್ರಿಂಟಿನ ಕಪ್ಪು ಎಷ್ಟು ಕಪ್ಪು ಎಂದು ಅಂಕಿಯಲ್ಲಿ ಹೇಳುವ ಯಂತ್ರ. ಮುಚ್ಚಿಹೋದ ಯಾವುದೋ ಪ್ರೆಸ್ಸಿನದು. ಎತ್ತಿದರೆ ಒರಳುಕಲ್ಲೇ ವಾಸಿ. ಅದನ್ನು ಕಮೋಡಿನ ಮುಚ್ಚಳದ ಮೇಲೆ ಪ್ರತಿಷ್ಠಾಪಿಸಿದ ದಿನ ನನ್ನ ಗಂಡ, "ಇನ್ಮೇಲೆ ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಬರ್ಲೇನು?" ಎಂದರು. ಹೋಗಿ ಬನ್ನಿ ಎಂದೆ.

ಆಗಲೇ ಯಲ್ಲದಕೆರೆಯಿಂದ ದೊಡ್ಡಮ್ಮ ಬಂದಿದ್ದು. ತಾನು ಸತ್ತ ಮೇಲೆ ಗೋಡೆಗೆ ಹಾಕುವ ಫೋಟೊವನ್ನು ತಾನೇ ನೋಡಿ ಒಪ್ಪಬೇಕೆಂಬುದು ಅವಳ ಹಟ. ತೀರಿಹೋದ ದೊಡ್ಡಪ್ಪನ ಚಿತ್ರವನ್ನು ಸ್ಟುಡಿಯೋದವರು ಬೆಳ್ಳಗೆ ಮಾಡಿ, ಕೋಟು ತೊಡಿಸಿ, ಹಿಂದೆ ಸ್ವಿಟ್ಜರ್ಲೆಂಡ್ ಇಟ್ಟು ಕೊಟ್ಟಿದ್ದರು. ಜೀವಮಾನವೆಲ್ಲ ಕುರಿ ಕಾದ ಮನುಷ್ಯ ಹಿಮದ ಮುಂದೆ ನಿಂತುಬಿಟ್ಟಿದ್ದ.

"ನನ್ನ ಹಂಗೆ ಮಾಡ್ಬ್ಯಾಡವ್ವ. ಇದ್ದಂಗೆ ತೆಗಿ" ಎಂದಳು.

ತೆಗೆದೆ. ಕಪ್ಪು ಮುಖ, ಮೇಲೆ ಕರಿಕಂಬಳಿ. ಕಂಬಳಿಯ ಎಳೆ ಎಳೆಯೂ ಕಾಣಬೇಕೆಂದು ಅಳೆದೆ, ಗ್ರಾಫ್ ಎಳೆದೆ, ಮತ್ತೆ ಅಳೆದೆ. "ನಾನು ಸತ್ತ ಮೇಲೆ ಕೊಡ್ತೀಯೇನೇ?" ಎಂದು ಹೊರಗಿನಿಂದ ದೊಡ್ಡಮ್ಮನ ಕೂಗು. ಕೊನೆಗೆ ಬಂದ ಪ್ರಿಂಟಿನ ಬಗ್ಗೆ ಯಂತ್ರ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ನನಗೂ ಕೊಂಬು ಬಂದಿತ್ತು.

ಕಟ್ಟು ಹಾಕಿಸಿ ಯಲ್ಲದಕೆರೆಗೆ ಒಯ್ದೆ. ಅವಳ ನಡುಮನೆಗೆ ಕಿಟಕಿಯಿಲ್ಲ. ಬಾಗಿಲಿನಿಂದ ಬಂದಷ್ಟೇ ಬೆಳಕು. ದೊಡ್ಡಪ್ಪನ ಪಕ್ಕ ತೂಗುಹಾಕಿದೆ. ಅವನೋ ಸುಣ್ಣದ ಮುಖದಲ್ಲಿ ಫಳಫಳ. ಪಕ್ಕದ ನನ್ನ ಕಪ್ಪು ಪ್ರಿಂಟು ಕತ್ತಲಲ್ಲಿ ಕರಗಿ, ಕಂಡದ್ದು ಬರೀ ಕಟ್ಟು, ಗಾಜು.

"ನಾನೆಲ್ಲಿದೀನವ್ವ?"

"ಲೈಟ್ ಹಾಕಿ ನೋಡು ದೊಡ್ಡಮ್ಮ, ಎಲ್ಲಾ ಸರಿಯಾಗೈತೆ."

"ನನ್ನ ನೋಡಾಕೆ ಯಾರು ಲೈಟ್ ಹಾಕ್ತಾರೆ? ಇಷ್ಟು ವರ್ಷ ಒಲೆ ಮುಂದೆ ಯಾರ ಕಣ್ಣಿಗೂ ಬೀಳ್ದಂಗೆ ಇದ್ದೆ. ಗೋಡೆ ಮೇಲಾದ್ರೂ ಬಂದೋರಿಗೆ ಕಾಣೋ ಹಂಗೆ ಮಾಡು."

ನನ್ನ ಅಹಂಕಾರವೆಲ್ಲ ಅಲ್ಲಿಗೆ ಇಳಿಯಿತು. ದುಃಖವೂ ಆಯಿತು.

ಚಿತ್ರದುರ್ಗಕ್ಕೆ ಮರಳಿ, ಯಂತ್ರಕ್ಕೆ ಬಟ್ಟೆ ಮುಚ್ಚಿ, ಒಂದಕ್ಕಿಂತ ಒಂದು ಕಪ್ಪು ಕಡಿಮೆಯಾಗುವಂತೆ ಪ್ರಿಂಟ್ ಹಾಕಿದೆ. ಎಲ್ಲವನ್ನೂ ಹೊತ್ತೊಯ್ದು ಅದೇ ಗೋಡೆಗೆ ಹಿಡಿದೆ. ದೊಡ್ಡಮ್ಮ ಪ್ರತಿ ಸಲವೂ ಅಂಗಳಕ್ಕಿಳಿದು, ನೆಂಟರ ಹಾಗೆ ಒಳಗೆ ಬಂದು, ತಲೆಯೆತ್ತಿ ನೋಡಿ, ಬ್ಯಾಡ ಎನ್ನುವಳು. ಕೊನೆಯದರಲ್ಲಿ ಅವಳ ನರೆಗೂದಲಿನ ಎಳೆಗಳೆಲ್ಲ ಬಿಳುಪಲ್ಲಿ ಕಳೆದುಹೋಗಿದ್ದವು. ಅಳತೆಯ ಪ್ರಕಾರ ಅದು ಕೆಟ್ಟ ಪ್ರಿಂಟು.

"ಹೂಂ, ಈಗ ಕಾಣ್ತೀನಿ" ಎಂದಳು.

ಅದೇ ಕಟ್ಟಿನೊಳಗೆ ಸೇರಿಸಿ ತೂಗುಹಾಕಿ ತೋರಿಸಿದೆ. ಬದುಕಿರುವವರ ಚಿತ್ರ ಅಲ್ಲಿರಬಾರದಲ್ಲ ಎಂದು ಇಳಿಸಲು ಕೈಹಾಕಿದೆ.

"ಇರ್ಲಿ ಬಿಡು" ಎಂದಳು. "ನಾನೂ ಒಂದಿಷ್ಟು ದಿನ ನೋಡ್ಕಂತೀನಿ."